ಲಾಳಿ ಬದಲಾಯಿಸುವಷ್ಟು ಹೊತ್ತು

ಅವರನ್ನು ನಾನು ಮೊದಲು ಕಂಡ ದಿನ ಅವರು ನನಗೆ ಹೇಳಿದ್ದು, "ನೋಡಿ ಇವರೇ, ನಿಮ್ಮ ಕಾಲಿನ ಹತ್ರ ಒಂದು..." ಎಂದು. ಅಷ್ಟು ಹೇಳುವುದರೊಳಗೆ ನಾನು ಲಾಳಿ ಬದಲಾಯಿಸಿ ಮುಗಿಸಿದ್ದೆ. ಕೈ ತನ್ನ ಪಾಡಿಗೆ ತಾನು ಹಿಡಿಕೆ ಎಳೆಯಿತು, ಮಗ್ಗ ಶುರುವಾಯಿತು. ಅವರು ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತರು.

ಕಾಲಿನ ಹತ್ತಿರ ಒಂದು ಏನು? ನೇಯುವವಳು ಬಟ್ಟೆಯ ಮೇಲಿಂದ ಕಣ್ಣು ತೆಗೆದು ನೆಲ ನೋಡುತ್ತ ನಿಲ್ಲುವಂತಿಲ್ಲ. ಹಾವಿರಬಹುದು, ಚೇಳಿರಬಹುದು. ನಾನು ಮೊದಲು ಎಡಗಾಲು ಎತ್ತಿಕೊಂಡೆ. ಅದು ಸೋತಾಗ ಬಲಗಾಲು ಎತ್ತಿದೆ. ಹೀಗೆ ಕೊಕ್ಕರೆಯ ಹಾಗೆ ನಿಂತು ಆ ಕಂಡಿಕೆ ಮುಗಿಯುವವರೆಗೆ ನೇಯ್ದೆ. ಪಕ್ಕದ ಮಗ್ಗದಲ್ಲಿದ್ದ ಅತ್ತಿಗೆ ನನ್ನನ್ನು ನೋಡಿ ನೋಡಿ ನಕ್ಕಿದ್ದೇ ನಕ್ಕಿದ್ದು. ನೂಲು ತೀರಿ ಮಗ್ಗ ನಿಂತಿತು. ಅವರು ಬಗ್ಗಿ, ಏನೂ ಆಗಿಲ್ಲವೆಂಬಂತೆ, "...ಬೋಲ್ಟು ಸಡಿಲ ಇದೆ. ಬಿಗಿ ಮಾಡ್ಲಾ?" ಎಂದರು.

ಹೊಸ ಫಿಟ್ಟರು ಬಂದದ್ದು ಹೀಗೆ.

ಕಂಡಿಕೆ ಎಂದರೆ ನೂಲು ಸುತ್ತಿದ ಕಡ್ಡಿ. ಅದು ಲಾಳಿಯ ಹೊಟ್ಟೆಯೊಳಗೆ ಕೂರುತ್ತದೆ. ಲಾಳಿ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ಓಡುತ್ತ ಹಾಸಿನ, ಎಂದರೆ ಉದ್ದಕ್ಕೆ ಬಿಗಿದ ಎಳೆಗಳ, ನಡುವೆ ಅಡ್ಡ ನೂಲು ಎಳೆಯುತ್ತದೆ. ಒಂದು ಲೋಟ ಬಿಸಿ ಚಹಾ ಕುಡಿಯುವ ಹದಕ್ಕೆ ಆರುವಷ್ಟರಲ್ಲಿ ಒಂದು ಕಂಡಿಕೆ ಖಾಲಿ. ಆಗ ಮಗ್ಗ ನಿಲ್ಲುತ್ತದೆ. ಖಾಲಿ ಲಾಳಿ ತೆಗೆದು, ಮೊದಲೇ ಸಿದ್ಧ ಮಾಡಿಟ್ಟ ತುಂಬಿದ ಲಾಳಿ ಇಟ್ಟು ಹಿಡಿಕೆ ಎಳೆಯಬೇಕು. ಹಿಡಿಕೆ ಎಳೆದರೆ ಓಡುತ್ತದೆ, ತಳ್ಳಿದರೆ ನಿಲ್ಲುತ್ತದೆ. ಆ ನಡುವೆ ಸಿಗುವುದು ಎರಡು ಉಸಿರಿನಷ್ಟು ಹೊತ್ತು.

ವಿದ್ಯುತ್ ಮಗ್ಗಗಳ ನಮ್ಮ ಷೆಡ್ಡಿನಲ್ಲಿ ಕಿವಿಗೆ ಕೇಳುವ ಮಾತು ಆಡಬೇಕಾದರೆ ಆ ಎರಡು ಉಸಿರಿನಲ್ಲೇ ಆಡಬೇಕಿತ್ತು. ಮಗ್ಗ ಓಡುವಾಗ ನೇಯುವವಳ ಕಿವಿಯ ಹತ್ತಿರ ತಲೆ ತರುವಂತಿಲ್ಲ. ಲಾಳಿ ಹೊಡೆಯುವ ಕೋಲು ಮೂಗನ್ನು ಕಿತ್ತುಕೊಂಡು ಹೋಗುತ್ತದೆ. ನಮಗೆಲ್ಲ ತುಟಿ ನೋಡಿ ಮಾತು ತಿಳಿಯುವುದು ಅಭ್ಯಾಸವಾಗಿತ್ತು, ನಿಜ. ಆದರೆ ತುಟಿಯ ಮಾತಿಗೆ ಗುಟ್ಟೆಂಬುದಿಲ್ಲ. ನಾನು ಅತ್ತಿಗೆಗೆ "ಬೆಳಿಗ್ಗೆ ಹಾಲು ಒಡೀತು" ಎಂದು ತುಟಿಯಾಡಿಸಿದರೆ ಷೆಡ್ಡಿನ ಆ ತುದಿಯವರು ಸಂಜೆ ಬಂದು "ಎಷ್ಟು ಹಾಲು?" ಎಂದು ಕೇಳುತ್ತಿದ್ದರು.

ಉಳಿದವರು ಆ ಎರಡು ಉಸಿರಿಗೆ ಸರಿಯಾಗಿ ಮಾತನ್ನು ಕತ್ತರಿಸಿ ಆಡುವುದು ಕಲಿತಿದ್ದರು. ಹೊಸ ಫಿಟ್ಟರು ಕಲಿಯಲಿಲ್ಲ. ಅವರು ನಿಧಾನಸ್ಥರು. "ನೋಡಿ ಇವರೇ" ಎಂಬುದಕ್ಕೇ ಒಂದು ಉಸಿರು ಹೋಗುತ್ತಿತ್ತು. ಉಳಿದ ಒಂದರಲ್ಲಿ ಅರ್ಧ ಮಾತು. ಇನ್ನರ್ಧವನ್ನು ಬಾಯಲ್ಲಿ ಇಟ್ಟುಕೊಂಡು ಮುಂದಿನ ಕಂಡಿಕೆ ಮುಗಿಯುವವರೆಗೆ ಕಾಯುತ್ತಿದ್ದರು. ಮತ್ತೆ ಮೊದಲಿಂದ ಶುರುಮಾಡುವ ಪದ್ಧತಿ ಅವರಿಗಿರಲಿಲ್ಲ, ಬಿಟ್ಟಲ್ಲಿಂದಲೇ ಎತ್ತಿಕೊಳ್ಳುವುದು. ವಾರ ಕಳೆಯುವುದರೊಳಗೆ ಅತ್ತಿಗೆ ಅವರಿಗೆ ಅರ್ಧಪ್ಪ ಎಂದು ಹೆಸರಿಟ್ಟಳು. ಆ ಹೆಸರು ಷೆಡ್ಡಿಗೆಲ್ಲ ಹರಡಿ, ಧಣಿಗಳ ಬಾಯಿಗೂ ಹೋಯಿತು. ಅವರು ಕರೆದರೆ ಇವರು ಬೇಸರವಿಲ್ಲದೆ "ಬಂದೆ" ಎನ್ನುತ್ತಿದ್ದರು.

ಸದ್ದಿದ್ದ ಕಡೆ ಅರ್ಧವಾದರೂ ಬರುತ್ತಿತ್ತು. ಸದ್ದಿಲ್ಲದ ಕಡೆ ಅವರ ಬಾಯಿ ಪೂರ್ತಿ ಕಟ್ಟಿಹೋಗುತ್ತಿತ್ತು. ಊಟದ ಹೊತ್ತಿನಲ್ಲಿ ಎಲ್ಲ ಮಗ್ಗ ನಿಂತು ಷೆಡ್ಡು ಸುಮ್ಮನಾದಾಗ ಅವರು ಒಬ್ಬರೇ ಅಂಗಳದ ಕಲ್ಲಿನ ಮೇಲೆ ಕೂತು ಸ್ಪ್ಯಾನರುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸುತ್ತಿದ್ದರು. ಆಮೇಲೆ ದೊಡ್ಡದರಿಂದ ಚಿಕ್ಕದಕ್ಕೆ.

ಖಾಲಿ ಲಾಳಿಗೆ ಹೊಸ ಕಂಡಿಕೆ ಹಾಕಿದ ಮೇಲೆ ಅದರ ಕಣ್ಣಿನಿಂದ, ಎಂದರೆ ಪಕ್ಕದ ಸಣ್ಣ ತೂತಿನಿಂದ, ನೂಲು ಹೊರತೆಗೆಯಬೇಕಲ್ಲ, ಅದಕ್ಕೆ ನಾವು ಕಣ್ಣಿಗೆ ಬಾಯಿ ಇಟ್ಟು ಹೀರುತ್ತಿದ್ದೆವು. ನೂಲಿನ ಜೊತೆ ಧೂಳು, ಎಣ್ಣೆ, ಮೊದಲು ಹೀರಿದವರ ಎಂಜಲು ಎಲ್ಲ ಬರುತ್ತಿತ್ತು. ಲಾಳಿಗಳು ಒಬ್ಬರಿಂದ ಒಬ್ಬರಿಗೆ ಹೋಗುತ್ತಿದ್ದವು. ಮೊದಲ ಸಾಲಿನಲ್ಲಿ ಒಬ್ಬರಿಗೆ ನೆಗಡಿಯಾದರೆ ವಾರದ ಕೊನೆಗೆ ಎರಡನೇ ಸಾಲಿನ ಕೊನೆಯವರೂ ಸೀನುತ್ತಿದ್ದರು. ಅರ್ಧಪ್ಪನವರು ಇದನ್ನು ಬಹಳ ದಿನ ನೋಡಿದರು. ಆಮೇಲೆ ಒಂದು ಕಂಡಿಕೆಯ ಕೊನೆಗೆ "ಈ ಲಾಳೀನ ನೀವ್ಯಾಕೆ..." ಎಂದರು. ಮುಂದಿನ ಕಂಡಿಕೆಯ ಕೊನೆಗೆ "...ಬದಲಾಯಿಸ್ಬೇಕು? ಮಗ್ಗಾನೇ ಬದಲಾಯಿಸ್ಕೊಳ್ಳಲಿ" ಎಂದರು.

ನಾನು ನಕ್ಕೆ. ಮಗ್ಗಕ್ಕೆ ಕೈ ಎಲ್ಲಿದೆ?

ಕೈ ಮಾಡಿಕೊಡಲು ಅವರು ಹೊರಟೇಬಿಟ್ಟರು. ದೂರದ ದೊಡ್ಡ ಮಿಲ್ಲುಗಳಲ್ಲಿ ಅಂಥ ಮಗ್ಗಗಳಿದ್ದವಂತೆ. ನಮ್ಮ ಧಣಿಗಳು ಕೊಳ್ಳುವವರಲ್ಲ. ಹಳೆಯ ಮಗ್ಗಕ್ಕೇ ಕಟ್ಟಿಕೊಡುತ್ತೇನೆಂದರೆ ಬೇಡವೆನ್ನುವವರೂ ಅಲ್ಲ. "ಮೂಲೆ ಮಗ್ಗದ ಮೇಲೆ ಮಾಡಿ ನೋಡು. ಕೆಟ್ರೂ ಮೂಲೇಲಿ ಕೆಡುತ್ತೆ" ಎಂದರು. ಮೂಲೆಯ ಮಗ್ಗ ನನ್ನದು.

ಆ ಯಂತ್ರದ ಕೆಲಸ ಹೀಗಿತ್ತು. ಮಗ್ಗದ ಪಕ್ಕದಲ್ಲಿ ನಿಂತ ಪೆಟ್ಟಿಗೆಯೊಂದರಲ್ಲಿ ತುಂಬಿದ ಲಾಳಿಗಳು ಒಂದರ ಮೇಲೊಂದು ಮಲಗಿರುತ್ತವೆ. ಓಡುವ ಲಾಳಿಯ ಪಕ್ಕೆಯಲ್ಲಿ ಒಂದು ಸೀಳು. ಲಾಳಿ ಮಗ್ಗದ ಅಂಚಿನ ತನ್ನ ಮನೆಗೆ ಬಂದಾಗಲೆಲ್ಲ ಒಂದು ತೆಳ್ಳಗಿನ ಸೂಜಿ ಆ ಸೀಳಿನೊಳಗೆ ಇಣುಕಿ ಕಂಡಿಕೆಯನ್ನು ಮುಟ್ಟಿ ನೋಡುತ್ತದೆ. ನೂಲಿದ್ದರೆ ಸೂಜಿ ತಡೆದು ನಿಲ್ಲುತ್ತದೆ. ನೂಲು ತೀರುತ್ತ ಬಂದು ನುಣುಪು ಕಡ್ಡಿ ಸಿಕ್ಕರೆ ಜಾರುತ್ತದೆ. ಜಾರಿತೋ, ಪೆಟ್ಟಿಗೆಯ ಕೈಗೆ ಸುದ್ದಿ ಹೋಯಿತು. ಖಾಲಿ ಲಾಳಿ ಕೆಳಗಿನ ತಟ್ಟೆಗೆ ಬೀಳಬೇಕು, ಹೊಸದು ಅದರ ಜಾಗಕ್ಕೆ ನುಗ್ಗಬೇಕು, ಮಗ್ಗ ನಿಲ್ಲಬಾರದು. ಬಸ್ಸು ಓಡುತ್ತಿರುವಾಗಲೇ ಒಬ್ಬ ಇಳಿದು ಇನ್ನೊಬ್ಬ ಅದೇ ಸೀಟಿನಲ್ಲಿ ಕೂತ ಹಾಗೆ.

ಆ ಸೂಜಿಗೆ ಯಾವ ತಂತಿಯೂ ಹೊಂದಲಿಲ್ಲ. ಗಟ್ಟಿಯದು ನೂಲು ಹರಿಯಿತು, ಮೆತ್ತನೆಯದು ಬಾಗಿತು. ಒಂದು ದಿನ ಅವರು ನನ್ನ ತಲೆಯನ್ನೇ ದಿಟ್ಟಿಸಿ ನೋಡಿ, "ಇವರೇ, ನಿಮ್ಮ ತಲೇಲಿ ಒಂದು..." ಎಂದರು. ಮಗ್ಗ ಶುರುವಾಯಿತು. ಆ ಕಂಡಿಕೆ ಪೂರ್ತಿ ನನಗೆ ತಲೆ ತುರಿಸಿತು. ಹೇನೆಂದೇ ತಿಳಿದೆ. ಅತ್ತಿಗೆಯೂ ಅದನ್ನೇ ತಿಳಿದು ತನ್ನ ಮಗ್ಗದಲ್ಲಿ ಒಂದು ಹೆಜ್ಜೆ ಆಚೆ ನಿಂತು ನೇಯ್ದಳು. ಮಗ್ಗ ನಿಂತಾಗ, "...ಪಿನ್ನಿದೆಯಲ್ಲ, ಅದು ಕೊಡ್ತೀರಾ?" ಎಂದರು.

ಕೊಟ್ಟೆ. ಅದರ ತುದಿಯನ್ನು ಉಜ್ಜಿ ಉಜ್ಜಿ ದುಂಡಗೆ ಮಾಡಿ ಕೂರಿಸಿದರು. ನೂಲು ಹರಿಯಲಿಲ್ಲ, ಪಿನ್ನು ಬಾಗಲಿಲ್ಲ. ಅಂದಿನಿಂದ ನನ್ನ ಜಡೆ ಒಂದು ಪಕ್ಕ ಜಾರುತ್ತಿತ್ತು.

ಸೂಜಿ ಸರಿಯಾದರೂ ಕೈ ಸರಿಯಾಗಲು ತಿಂಗಳುಗಳು ಹಿಡಿದವು. ಹಳೆಯ ಲಾಳಿ ಬೀಳುವ ಮೊದಲೇ ಹೊಸದು ನುಗ್ಗುತ್ತಿತ್ತು. ಎರಡೂ ಬಾಗಿಲಲ್ಲಿ ಸಿಕ್ಕಿಕೊಂಡ ಎಮ್ಮೆಗಳ ಹಾಗೆ ನಿಲ್ಲುತ್ತಿದ್ದವು. ಒಂದು ಸಲ ಲಾಳಿ ಕಿಟಕಿಯಿಂದಾಚೆ ಹಾರಿ, ಅಂಗಳದಲ್ಲಿ ಬಿಚ್ಚಿ ಒಣಗಲು ಇಟ್ಟಿದ್ದ ಗೋದಾಮಿನ ಗುಮಾಸ್ತರ ಕೊಡೆಯನ್ನು ತೂತು ಮಾಡಿತು. ಗುಮಾಸ್ತರು ಆ ಕೊಡೆಯ ಬಗ್ಗೆ ಮಾತಾಡಲು ಶುರುಮಾಡಿದವರು ಸಂಜೆಯವರೆಗೆ ಮಾತಾಡಿದರು. ಕೊಡೆ ಯಾವ ಅಂಗಡಿಯದು, ಅಂಗಡಿಯವನು ಯಾರ ಭಾವಮೈದ, ಆ ಭಾವಮೈದನಿಗೆ ಯಾವ ಕಾಯಿಲೆ, ಎಲ್ಲ.

ಈ ಗುಮಾಸ್ತರ ವಿಷಯ ಇಲ್ಲಿ ಹೇಳಬೇಕಾಯಿತು. ಅಪ್ಪ ಅಮ್ಮ ಇಲ್ಲದ ನನ್ನನ್ನು ಸಾಕಿದವನು ಅಣ್ಣ. ಅವನಿಗೆ ಅದೇ ಷೆಡ್ಡಿನಲ್ಲಿ ಬಟ್ಟೆ ಪರೀಕ್ಷೆಯ ಕೆಲಸ. ನೇಯ್ದದ್ದೆಲ್ಲ ಅವನ ಮೇಜಿನ ಮೇಲೆ ಹಾಯಬೇಕು. ತಪ್ಪಿದ್ದಲ್ಲಿ ಸೀಮೆಸುಣ್ಣದ ಗುರುತು. ತಂಗಿ ನೇಯ್ದದ್ದೆಂದು ಒಂದು ಗುರುತು ಬಿಟ್ಟವನಲ್ಲ. ಅವನ ಪಕ್ಕದ ಕುರ್ಚಿ ಗುಮಾಸ್ತರದು. ಗುಮಾಸ್ತರು ನನ್ನನ್ನು ಮದುವೆಗೆ ಕೇಳಿದ್ದರು. ಅಣ್ಣನಿಗೆ ಅವರು ಒಪ್ಪಿಗೆ. ಕೆಟ್ಟವರೇನಲ್ಲ. ಆದರೆ ನನಗೆ ಅವರ ಎದುರು ನಿಂತರೆ ಮಳೆ ನಿಲ್ಲುವುದನ್ನು ಕಾಯುತ್ತ ಯಾರದೋ ಜಗುಲಿಯಲ್ಲಿ ನಿಂತ ಹಾಗೆ ಆಗುತ್ತಿತ್ತು.

"ಇವರದು ಶುರುವಾದ್ರೆ ನಿಲ್ಲಲ್ಲ, ಅರ್ಧಪ್ಪಂದು ನಿಂತ್ರೆ ಶುರುವಾಗಲ್ಲ. ನಿನ್ನ ಹಣೇಲಿ ಎಂಥೆಂಥವರನ್ನ ಬರೆದಿದೆ ನೋಡು" ಎಂದಳು ಅತ್ತಿಗೆ.

"ಅವರು ಎಲ್ಲಿ ಬಂದ್ರು ಇದರಲ್ಲಿ?" ಎಂದೆ.

"ಪಿನ್ನು ಕೊಟ್ಟೋಳಿಗೆ ಗೊತ್ತಿರ್ಬೇಕು."

ಒಂದು ರಜಾದಿನ ಅರ್ಧಪ್ಪನವರು ನಮ್ಮ ಮನೆಗೇ ಬಂದರು. ತಲೆಗೆ ನೀರು ಹಚ್ಚಿ ಬಾಚಿಕೊಂಡಿದ್ದರು. ಅಣ್ಣ ಎದುರಿಗೆ ಕೂತ. ನಾನು ಚಹಾ ಕೊಟ್ಟು ಬಾಗಿಲ ಹಿಂದೆ ನಿಂತೆ. ಮನೆ ಸುಮ್ಮನಿತ್ತು. ಅವರೂ ಸುಮ್ಮನಿದ್ದರು. ಅಣ್ಣ ಕೆಮ್ಮಿದ. ಅವರು ಚಹಾ ಮುಗಿಸಿ, ಲೋಟದ ತಳ ನೋಡಿ, ಮೇಲಿನ ಜಂತಿ ನೋಡಿದರು.

ಒಳಗಿದ್ದ ಅತ್ತಿಗೆಗೆ ಏನು ಹೊಳೆಯಿತೋ, ಹೊಲಿಗೆ ಯಂತ್ರದ ಮುಂದೆ ಕೂತು ಬರಿಯ ಚಿಂದಿಯನ್ನು ಹಾಕಿ ಗಡಗಡ ತುಳಿದಳು. ನಿಲ್ಲಿಸಿದಳು. ಕೂಡಲೇ ಹೊರಗಿನಿಂದ, "ನಿಮ್ಮ ತಂಗೀನ..." ಎಂದು ಕೇಳಿತು. ಅತ್ತಿಗೆ ಕಣ್ಣರಳಿಸಿ ನನ್ನನ್ನು ನೋಡಿ ಮತ್ತೆ ತುಳಿದಳು. ಅಣ್ಣ ಕುರ್ಚಿಯಲ್ಲಿ ನೆಟ್ಟಗಾದ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅತ್ತಿಗೆ ನಿಲ್ಲಿಸಿದಳು.

"...ಬೇರೆ ಮಗ್ಗಕ್ಕೆ ಹಾಕ್ಬೇಡಿ ಅಂತ ಧಣಿಗಳಿಗೆ ಒಂದು ಮಾತು ಹೇಳಿ. ಯಂತ್ರ ಅವರ ಕೈಗೆ ಹೊಂದ್ಕೊಂಡಿದೆ" ಎಂದರು ಅರ್ಧಪ್ಪನವರು. ಎದ್ದು ಹೊರಟುಹೋದರು.

ಅತ್ತಿಗೆ ಆ ಚಿಂದಿಯನ್ನು ಎತ್ತಿ ನೋಡಿ, "ಇಷ್ಟು ದಾರ ಹಾಳಾಯ್ತು" ಎಂದಳು.

ಅಣ್ಣನಿಗೆ ನಗು ಬರಲಿಲ್ಲ. "ಒಂದು ಮಾತು ಮುಗಿಸೋಕೆ ಬರದವನು ಸಂಸಾರ ಏನು ಮಾಡ್ತಾನೆ? ಯಂತ್ರಾನೂ ಮುಗಿದಿಲ್ಲ, ಮಾತೂ ಮುಗಿದಿಲ್ಲ" ಎಂದ.

ಆ ಯಂತ್ರ ಮುಗಿಯುತ್ತ ಬಂದದ್ದೇ ನನಗೆ ಕಷ್ಟವಾಯಿತು. ಒಂದು ಬೆಳಿಗ್ಗೆ ಮಗ್ಗ ನಿಂತಾಗ ಅವರು ಎಂದಿಗಿಂತ ಹತ್ತಿರ ಬಗ್ಗಿ, "ಇವರೇ, ನನಗೆ ನಿಮ್ಮನ್ನ..." ಎಂದರು. ಮಗ್ಗ ಓಡಿತು. ಅವರು ಕಿವಿಯವರೆಗೆ ಕೆಂಪಾಗಿ ಕಾದರು. ನಾನೂ ಕಾದೆ. ಕಂಡಿಕೆ ತೀರುತ್ತ ಬಂತು. ಪಿನ್ನು ಜಾರಿತು. ಟಕ್ ಎಂದು ಹಳೆಯ ಲಾಳಿ ತಟ್ಟೆಗೆ ಬಿತ್ತು, ಹೊಸದು ಒಳಗೆ ಹೋಯಿತು, ಮಗ್ಗ ಏನೂ ಆಗದ ಹಾಗೆ ಓಡುತ್ತಲೇ ಇತ್ತು. ಯಂತ್ರ ಮೊದಲ ಸಲ ಸರಿಯಾಗಿ ಕೆಲಸ ಮಾಡಿತ್ತು.

ಅರ್ಧಪ್ಪನವರು ಕೈಯಲ್ಲಿದ್ದ ಎಣ್ಣೆಡಬ್ಬಿ ನೆಲಕ್ಕೆ ಹಾಕಿ ಧಣಿಗಳನ್ನು ಕರೆಯಲು ಓಡಿದರು. ನನಗೆ ಬರಬೇಕಾದ ಅರ್ಧ ಮಾತು ಅಲ್ಲೇ ಉಳಿಯಿತು. ನನಗೆ ನಿಮ್ಮನ್ನ, ಏನು?

"ನೋಡಿದ್ರೆ ಭಯ ಆಗುತ್ತೆ ಅಂತಲೂ ಇರಬಹುದು" ಎಂದಳು ಅತ್ತಿಗೆ.

ಆಮೇಲೆ ದಿನದಿಂದ ದಿನಕ್ಕೆ ಯಂತ್ರ ಸುಧಾರಿಸಿತು, ನಮ್ಮ ಮಾತು ಕಡಿಮೆಯಾಯಿತು. ನಾನು ಮಾಡಬೇಕಾದದ್ದು ಪೆಟ್ಟಿಗೆಗೆ ಲಾಳಿ ತುಂಬುವುದು, ಹಾಸಿನ ಎಳೆ ಹರಿದರೆ ಗಂಟು ಹಾಕುವುದು, ಅಷ್ಟೇ. ನೂಲು ಹೀರುವ ಬದಲು ಅವರೇ ಮಾಡಿಕೊಟ್ಟ ಸಣ್ಣ ಕೊಕ್ಕೆಯಿಂದ ಎಳೆಯುತ್ತಿದ್ದೆ. ಬಾಯಿ ಸ್ವಚ್ಛವಾಗಿತ್ತು, ಖಾಲಿಯಾಗಿತ್ತು. ಎಳೆ ಹರಿದು ಮಗ್ಗ ನಿಂತಾಗ ಅವರು ಇರುತ್ತಿರಲಿಲ್ಲ. ಅವರಿದ್ದಾಗ ಎಳೆ ಹರಿಯುತ್ತಿರಲಿಲ್ಲ. ನಾನೇ ಹಿಡಿಕೆ ತಳ್ಳಿ ನಿಲ್ಲಿಸಬಹುದಿತ್ತಲ್ಲ ಎಂದರೆ, ಕಾರಣವಿಲ್ಲದೆ ಮಗ್ಗ ನಿಲ್ಲಿಸಿದರೆ ಬಟ್ಟೆಯಲ್ಲಿ ಅಡ್ಡಕ್ಕೆ ಒಂದು ಗೆರೆ ಬೀಳುತ್ತದೆ. ನಿಂತ ಗೆರೆ ಎನ್ನುತ್ತಿದ್ದೆವು. ಅಡಿಗಡಿಗೆ ನಿಲ್ಲುವ ಮಗ್ಗದ ಬಟ್ಟೆಯಲ್ಲಿ ಅದು ಕಲೆತುಹೋಗುತ್ತದೆ. ನಿಲ್ಲದೆ ಓಡಿದ ಬಟ್ಟೆಯಲ್ಲಿ ಅದು ಸುಣ್ಣ ಬಳಿದ ಗೋಡೆಯ ಮೇಲಿನ ಬೆರಳಿನ ಗುರುತಿನಂತೆ. ಬಟ್ಟೆ ಹೋಗುವುದು ಅಣ್ಣನ ಮೇಜಿಗೆ.

ಧಣಿಗಳು ಪರೀಕ್ಷೆಗೆ ಒಂದು ದಿನ ಗೊತ್ತುಮಾಡಿದರು. ಊಟದ ಗಂಟೆಯಿಂದ ಸಂಜೆಯ ಗಂಟೆಯವರೆಗೆ ಮಗ್ಗ ಒಂದು ಸಲವೂ ನಿಲ್ಲಬಾರದು. ಬಟ್ಟೆಯಲ್ಲಿ ಒಂದು ಗೆರೆಯೂ ಇರಬಾರದು. "ಗೆದ್ರೆ ಎರಡೂ ಸಾಲಿಗೆ ಇದನ್ನ ಕಟ್ಟೋ ಕೆಲಸ ನಿಂದು, ದೊಡ್ಡ ಫಿಟ್ಟರೂ ನೀನೇ. ಸೋತ್ರೆ ಈ ಆಟ ಸಾಕು" ಎಂದರು. ಅವತ್ತು ಬೆಳಿಗ್ಗೆ ಮನೆಯಲ್ಲಿ ಅಣ್ಣ ಕೈ ತೊಳೆಯುತ್ತ, "ಸಂಜೆ ಬಟ್ಟೆ ಮೇಜಿಗೆ ಬಂದಾಗ ಗುಮಾಸ್ತರು ಅಲ್ಲೇ ಇರ್ತಾರೆ. ಅಲ್ಲೇ ಮಾತು ಕೊಟ್ಟುಬಿಡ್ತೀನಿ. ಎಷ್ಟು ದಿನ ಅಂತ ಅವರನ್ನ ಕಾಯಿಸೋದು?" ಎಂದ.

ಅತ್ತಿಗೆ ನನ್ನ ಮುಖ ನೋಡಿದಳು. "ಹೇಳು ಅಣ್ಣಂಗೆ, ನನಗೆ ಅರ್ಧಪ್ಪ ಬೇಕು ಅಂತ" ಎಂದು ಕಿವಿಯಲ್ಲಿ ಪಿಸುಗುಟ್ಟಿದಳು.

"ಅವರು ಕೇಳ್ಲಿ ಮೊದಲು. ಕೇಳದೆ ಇರೋದಕ್ಕೆ ನಾನು ಏನಂತ ಉತ್ತರ ಹೇಳಲಿ?" ಎಂದೆ. ಆದರೂ ದಾರಿಯಲ್ಲಿ ಅತ್ತಿಗೆ ಅವರನ್ನು ತಡೆದು ನಿಲ್ಲಿಸಿ, ಸಂಜೆ ಏನಾಗಲಿದೆ ಎಂಬುದನ್ನು ಒಂದೇ ಉಸಿರಿಗೆ ಹೇಳಿದಳು. ಅವರು ತಲೆಯಾಡಿಸಿದರು. ಬೆಳಗಿನ ಬೀದಿ ಸುಮ್ಮನಿತ್ತು, ಅವರೂ ಸುಮ್ಮನಿದ್ದರು.

ಮಧ್ಯಾಹ್ನ ಮಗ್ಗ ಶುರುವಾಯಿತು. ಅವರು ಗೋಡೆಗೆ ಒರಗಿ ನಿಂತರು, ಮೊದಲ ದಿನದ ಹಾಗೆಯೇ. ಧಣಿಗಳು ಆಗಾಗ ಬಂದು ನೋಡಿ ಹೋಗುತ್ತಿದ್ದರು. ಲಾಳಿಯ ಮೇಲೆ ಲಾಳಿ ತಟ್ಟೆಗೆ ಬಿತ್ತು. ಬೀಳುವ ಹೊತ್ತಿಗೆ ಸರಿಯಾಗಿ ಅವರ ಬಾಯಿ ತೆರೆದುಕೊಳ್ಳುತ್ತಿತ್ತು, ಮಗ್ಗ ನಿಲ್ಲದೆ ಓಡುವುದು ನೋಡಿ ಮುಚ್ಚಿಕೊಳ್ಳುತ್ತಿತ್ತು. ದಡಕ್ಕೆ ಬಿದ್ದ ಮೀನಿನ ಹಾಗೆ ಎಂದು ಅತ್ತಿಗೆ ತುಟಿಯಾಡಿಸಿದಳು. ಇಡೀ ಸಾಲು ನಕ್ಕಿತು. ನನಗೆ ನಗಲಾಗಲಿಲ್ಲ. ಒಂದೂ ಎಳೆ ಹರಿಯಲಿಲ್ಲ. ಅಷ್ಟು ಒಳ್ಳೆಯ ಹಾಸನ್ನು ನಾನು ಅದಕ್ಕಿಂತ ಮೊದಲು ಕಂಡಿರಲಿಲ್ಲ, ಅಷ್ಟು ಬೈದದ್ದೂ ಇಲ್ಲ.

ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂತು. ಗಂಟೆ ಹೊಡೆಯುವ ಕಾವಲುಗಾರ ಅಂಗಳದಲ್ಲಿ ಎದ್ದು ನಿಂತು, ಮೈ ಮುರಿದು, ಗಂಟೆಯ ಕಡೆಗೆ ನಡೆಯುವುದು ಕಾಣಿಸಿತು. ಗಂಟೆ ಹೊಡೆದರೆ ಇಡೀ ಷೆಡ್ಡು ಸುಮ್ಮನಾಗುತ್ತದೆ. ಸುಮ್ಮನಾದ ಕಡೆ ಇವರು ಬಾಯಿ ಬಿಡುವವರಲ್ಲ. ಬಟ್ಟೆ ಮೇಜಿಗೆ ಹೋಗುತ್ತದೆ, ಅಣ್ಣ ಮಾತು ಕೊಡುತ್ತಾನೆ.

ನನ್ನ ಕೈ ಹಿಡಿಕೆಯ ಮೇಲಿತ್ತು. ನೇಯುವವರ ಎಡಗೈ ಬಿಡುವಿದ್ದಾಗಲೆಲ್ಲ ಅಲ್ಲೇ ಇರುತ್ತದೆ. ಅವರು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. ಕೈ ಚಾಚಿದರು. ಅವರ ಕೈ ನನ್ನ ಕೈಯ ಮೇಲೆ ಬಂತು, ಎಣ್ಣೆಯ ಜಿಡ್ಡಿನ ಬೆಚ್ಚನೆಯ ಕೈ. ಹಿಡಿಕೆ ಆಚೆಗೆ ಹೋಯಿತು. ಮಗ್ಗ ನಿಂತಿತು.

"...ಮದುವೆ ಆಗೋ ಆಸೆ ಇದೆ. ನೀವೇನಂತೀರಾ?" ಎಂದರು.

ತಿಂಗಳುಗಳ ಹಿಂದೆ ಬಿಟ್ಟಲ್ಲಿಂದಲೇ ಎತ್ತಿಕೊಂಡಿದ್ದರು.

ಎರಡು ಉಸಿರು ಮುಗಿಯಿತು. ನನ್ನ ಕೈ ತನ್ನ ಅಭ್ಯಾಸದಂತೆ ಹಿಡಿಕೆ ಎಳೆಯಿತು, ಮಗ್ಗ ಓಡಿತು. ಗಂಟೆ ಹೊಡೆಯಿತು.

ಮೇಜಿನ ಸುತ್ತ ಎಲ್ಲರೂ ಸೇರಿದರು. ಅಣ್ಣ ಬಟ್ಟೆಯನ್ನು ಬೆಳಕಿಗೆ ಹಿಡಿದು ಎಳೆದುಕೊಳ್ಳುತ್ತ ಬಂದ. ಗೊಂಬೆಯ ಕೆನ್ನೆಯ ಹಾಗಿತ್ತು ಆ ಬಟ್ಟೆ. ಧಣಿಗಳ ಮುಖ ಅರಳುತ್ತ ಬಂತು. ಕೊನೆಯ ಗೇಣು ಬರುವಾಗ ಅಣ್ಣನ ಕೈ ನಿಂತಿತು. ಸೀಮೆಸುಣ್ಣ ಎತ್ತಿಕೊಂಡ.

"ಇದೇನು?" ಎಂದರು ಧಣಿಗಳು.

"ನಿಂತ ಗೆರೆ."

"ಯಂತ್ರ ಕೈ ಕೊಡ್ತಾ?"

"ಇಲ್ಲ" ಎಂದರು ಅರ್ಧಪ್ಪನವರು. "ಯಂತ್ರ ಸರಿಯಾಗೇ ಇತ್ತು. ನಾನೇ ನಿಲ್ಲಿಸ್ದೆ. ಇವರನ್ನ ಒಂದು ಮಾತು ಕೇಳೋದಿತ್ತು."

ಸದ್ದಿಲ್ಲದ ಕಡೆ ಅವರು ಪೂರ್ತಿ ಮಾತಾಡಿದ್ದನ್ನು ನಾವು ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಧಣಿಗಳು ಕನ್ನಡಕ ತೆಗೆದು ಅವರನ್ನು ನೋಡಿದರು. "ಕೇಳಿದ್ಯಾ?"

"ಕೇಳ್ದೆ."

"ಏನಂದ್ರು?"

"ಅಷ್ಟರಲ್ಲಿ ಮಗ್ಗ ಶುರುವಾಯ್ತು."

ಎಲ್ಲರೂ ನನ್ನ ಕಡೆ ತಿರುಗಿದರು. ಅಣ್ಣ ಸೀಮೆಸುಣ್ಣ ಹಿಡಿದೇ ಇದ್ದ. ಗುಮಾಸ್ತರ ಬಾಯಿ ಅರ್ಧ ತೆರೆದಿತ್ತು. ಅತ್ತಿಗೆ ಹಿಂದಿನಿಂದ ನನ್ನ ಬೆನ್ನಿಗೆ ಒಂದು ಬೆರಳು ಚುಚ್ಚಿದಳು.

"ಆಗಲಿ ಅಂದೆ" ಎಂದೆ. "ಮಗ್ಗದ ಸದ್ದಿಗೆ ಅವರಿಗೆ ಕೇಳಿಸಿರಲಿಕ್ಕಿಲ್ಲ."

ಧಣಿಗಳು ಬಹಳ ಹೊತ್ತು ನಕ್ಕರು. ನಕ್ಕು ಮುಗಿಸಿ, "ತಾನಾಗಿ ಕೆಟ್ಟು ನಿಂತಿದ್ರೆ ಇನ್ನೊಂದು ಸಲ ನೋಡ್ತಿದ್ದೆ. ಕಟ್ಟಿದೋನೇ ನಿಲ್ಲಿಸ್ತಾನೆ ಅಂದ್ರೆ ಇದನ್ನ ನಂಬ್ಕೊಂಡು ನಾನು ಏನು ಮಾಡ್ಲಿ?" ಎಂದರು. ಆ ಮಾತು ತಮಾಷೆಯದಾಗಿರಲಿಲ್ಲ. ಬೇರೆ ಯಾವ ಮಗ್ಗಕ್ಕೂ ಆ ಯಂತ್ರ ಹತ್ತಲಿಲ್ಲ.

ಅಣ್ಣ ಗೆರೆಯ ಮೇಲೆ ಗುರುತು ಹಾಕಿದ. ಆಮೇಲೆ ಗುಮಾಸ್ತರ ಕಡೆ ತಿರುಗಿ, "ಇದು ಗೋದಾಮಿಗೆ ಬರಲ್ಲ ಗುಮಾಸ್ತರೇ. ಯಂತ್ರ ಮುಗಿಸದೆ ಹೋದ್ರೂ ಮಾತು ಮುಗಿಸಿದ್ದಾನೆ" ಎಂದ. ಗುಮಾಸ್ತರು ಏನೂ ಹೇಳಲಿಲ್ಲ. ಅವರು ಏನೂ ಹೇಳದೆ ಇದ್ದದ್ದು ನನಗೆ ತಿಳಿದ ಹಾಗೆ ಅದೊಂದೇ ಸಲ.

ಗೆರೆ ಬಿದ್ದ ಆ ಬಟ್ಟೆಯನ್ನು ಅಣ್ಣ ನಮ್ಮ ಮದುವೆಗೆ ಕೊಟ್ಟ. ನಾವು ಅದನ್ನು ಮಂಚಕ್ಕೆ ಹಾಸಿದೆವು. ಹೇಗೆ ಮಡಿಸಿ ಹಾಸಿದರೂ ಆ ಗೆರೆ ನಟ್ಟನಡುವೆ ಬರುತ್ತಿತ್ತು. ಜಗಳವಾದ ದಿನ ಅದೇ ಗಡಿ. ಅವರು ಆ ಕಡೆ, ನಾನು ಈ ಕಡೆ.

ಮದುವೆಯಾದ ಮೇಲೆ "ಇವರೇ" ಹೋಗಿ "ಇವಳೇ" ಆಯಿತು. ಅರ್ಧ ಮಾತು ಅರ್ಧವಾಗಿಯೇ ಉಳಿಯಿತು. ಬೆಳಿಗ್ಗೆ "ಇವಳೇ, ಬರುವಾಗ..." ಎಂದು ಬಾಗಿಲಲ್ಲಿ ಹೇಳಿ ಹೋದರೆ, ಸಂಜೆ ಬರಿಗೈಲಿ ಬಂದು "...ಏನು ತರ್ಬೇಕಿತ್ತು?" ಎಂದು ಕೇಳುತ್ತಿದ್ದರು. ಮಗಳು ಚಿಕ್ಕವಳಿದ್ದಾಗ ಅಪ್ಪ ಹೇಳುವ ಕಥೆಗೆ ತಾನೇ ಕೊನೆ ಕಟ್ಟಿಕೊಂಡು ಮಲಗುತ್ತಿದ್ದಳು. ಅವಳ ಕೊನೆಗಳೇ ಚೆನ್ನಾಗಿರುತ್ತಿದ್ದವು.

ಯಂತ್ರದ ನೋವು ಅವರಿಗೆ ಇರಲಿಲ್ಲವೆಂದಲ್ಲ. ಪಕ್ಕದ ಬೀದಿಯ ಷೆಡ್ಡಿಗೆ ತಾನಾಗಿ ಲಾಳಿ ಬದಲಾಯಿಸುವ ಮಗ್ಗಗಳು ಹೊರಗಿನಿಂದ ಬಂದಾಗ ಅವರು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಹೋಗಿ ನೋಡಿ ಬಂದು, "ಸೂಜಿ ಸರಿಯಿಲ್ಲ. ಅವರಿಗೆ ಒಳ್ಳೆ ಪಿನ್ನು..." ಎಂದರು. ಉಳಿದರ್ಧ ನಾನೇ ತುಂಬಿಕೊಂಡೆ. ಮೂಲೆಯ ಮಗ್ಗ ನನ್ನ ಕೈಯಲ್ಲಿ ಬಹಳ ವರ್ಷ ಓಡಿತು. ಕೊನೆಗೆ ಲಾಳಿಯೇ ಬೇಡದ ಮಗ್ಗಗಳು ಬಂದಾಗ ನಮ್ಮದು ಗುಜರಿಗೆ ಹೋಯಿತು. ಅವರು ಅದರಿಂದ ಬಿಚ್ಚಿಕೊಂಡು ಬಂದದ್ದು ಒಂದೇ ಒಂದು. "ತಗೋ, ನಿಂದು" ಎಂದು ಪಿನ್ನನ್ನು ನನ್ನ ಕೈಗೆ ಕೊಟ್ಟರು. ಅಷ್ಟರಲ್ಲಿ ನನ್ನ ಜಡೆಗೆ ಪಿನ್ನು ಬೇಕಾಗುವಷ್ಟು ಕೂದಲಿರಲಿಲ್ಲ.

ಜಗಳದಲ್ಲಿ ನಾನು ಎಂದಾದರೂ, "ಅವತ್ತು ನೀವು ಮಗ್ಗ ನಿಲ್ಲಿಸದೆ ಇದ್ದಿದ್ರೆ ದೊಡ್ಡ ಫಿಟ್ಟರಾಗಿರ್ತಿದ್ರಿ" ಎಂದರೆ ಅವರು ನನ್ನನ್ನೇ ನೋಡುತ್ತಿದ್ದರು. "ಇವಳೇ, ಅವತ್ತು ಹಿಡಿಕೆ ಮೇಲೆ..." ಎಂದು ಶುರುಮಾಡುತ್ತಿದ್ದರು. ಒಲೆಯ ಮೇಲೆ ಏನೋ ಉಕ್ಕುತ್ತಿತ್ತು, ಇಲ್ಲವೇ ಯಾರೋ ಬಾಗಿಲು ಬಡಿಯುತ್ತಿದ್ದರು. ನಾನು ಎದ್ದು ಹೋಗುತ್ತಿದ್ದೆ. ಆ ಮಾತಿನ ಉಳಿದರ್ಧ ಎಷ್ಟೋ ವರ್ಷ ಅವರ ಬಾಯಲ್ಲೇ ಇತ್ತು.

ಮಗ್ಗದವರ ಕಿವಿ ಮುದಿತನಕ್ಕೆ ಉಳಿಯುವುದಿಲ್ಲ. ಅವರದು ಮೊದಲು ಮಂಕಾಗಿ, ಆಮೇಲೆ ಪೂರ್ತಿ ಹೋಯಿತು. ವಿಚಿತ್ರವೆಂದರೆ ಕಿವಿ ಹೋದ ಮೇಲೆ ಅವರ ಮಾತು ತುಂಡಾಗುವುದು ನಿಂತಿತು. ಒಳಗೆ ಕಾಯಬೇಕಾದ ಸದ್ದು ಉಳಿದಿರಲಿಲ್ಲವೋ ಏನೋ. ಮೊದಲಿಂದ ಕೊನೆಯವರೆಗೆ ಒಂದೇ ಸಲಕ್ಕೆ ಹೇಳುತ್ತಿದ್ದರು. ನಾನು ಉತ್ತರವನ್ನು ಷೆಡ್ಡಿನ ಹಾಗೆ ತುಟಿಯಾಡಿಸಿ ಹೇಳುತ್ತಿದ್ದೆ. ಅಷ್ಟು ವರ್ಷ ಕಲಿಯದೆ ಇದ್ದದ್ದನ್ನು ಅವರು ಆಗ ಕಲಿತರು, ನನ್ನ ತುಟಿಯೊಂದರಿಂದ ಮಾತ್ರ.

ಕೊನೆಯ ದಿನಗಳಲ್ಲಿ ಅವರು ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿರುತ್ತಿದ್ದರು. ನೋವೇನಿರಲಿಲ್ಲ, ಸವೆದಿದ್ದರು. ಅವತ್ತು ಮಧ್ಯಾಹ್ನ ಗಂಜಿ ಕುಡಿಸಿ ಬಾಯಿ ಒರೆಸಿದೆ. ಗೆರೆ ಬಿದ್ದ ಆ ಹಾಸಿಗೆಬಟ್ಟೆ ಹರಿದು ಒರೆಸುವ ಬಟ್ಟೆಯಾಗಿ ಬಹಳ ಕಾಲವಾಗಿತ್ತು. ಕೈಯಲ್ಲಿದ್ದದ್ದು ಅದರದೇ ತುಂಡು. ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಬೆಳಕಿಗೆ ಹಿಡಿದು, ಅಣ್ಣನ ಹಾಗೆ ಎಳೆದು ಎಳೆದು ನೋಡಿದರು. ಹೆಬ್ಬೆರಳು ಒಂದು ಕಡೆ ನಿಂತಿತು. ಒಲೆಯ ಮೇಲೆ ಏನೂ ಇರಲಿಲ್ಲ. ಬಾಗಿಲಿಗೆ ಯಾರೂ ಬಂದಿರಲಿಲ್ಲ. ನನ್ನ ತುಟಿ ಚೆನ್ನಾಗಿ ಕಾಣಲೆಂದು ಅವರು ನನ್ನ ಮುಖವನ್ನು ಬೆಳಕಿನ ಕಡೆಗೆ ತಿರುಗಿಸಿಕೊಂಡು ಕೇಳಿದರು:

"ಇವಳೇ, ನಿಜ ಹೇಳು, ಅವತ್ತು ಹಿಡಿಕೆ ತಳ್ಳಿದ್ದು ನನ್ನ ಕೈಯಾ, ಅದರ ಕೆಳಗಿದ್ದ ನಿನ್ನ ಕೈಯಾ?"